ಅಕ್ಕ ಮೇಜು ಬದಲಿಸಿದ್ದು

ನನ್ನ ಅಕ್ಕ ಕನ್ನಡಕದ ಅಂಗಡಿಯ ಹಿಂಬದಿ ಕೋಣೆಯಲ್ಲಿ ಗಾಜು ಉಜ್ಜುತ್ತಾಳೆ. ಯಂತ್ರದ ಮುಂದೆ ಬೆನ್ನು ಬಗ್ಗಿಸಿ ಕೂತು ಗಾಜನ್ನು ಫ್ರೇಮಿನ ಅಳತೆಗೆ ತರುವ ಕೆಲಸ. ಸಂಜೆ ಮನೆಗೆ ಬಂದಾಗ ಉಗುರಿನ ಸಂದಿಯಲ್ಲೆಲ್ಲ ಬಿಳಿ ಪುಡಿ. ಅದನ್ನು ತೊಳೆದುಕೊಂಡವಳೇ ಒಲೆಯ ಮುಂದೆ ನಿಲ್ಲುತ್ತಾಳೆ. ಮದುವೆಯಾದಾಗಿನಿಂದ ಹೀಗೇ.

ಭಾವ ಲಿಫ್ಟ್ ರಿಪೇರಿಯವರು. ಊರಿನ ಯಾವ ಮೂಲೆಯಲ್ಲಿದ್ದರೂ ಅಕ್ಕ ಕಟ್ಟಿಕೊಟ್ಟ ಡಬ್ಬಿಯನ್ನೇ ಬಿಚ್ಚುತ್ತಾರೆ. ಮನೆಗೆ ಬಂದವರ ಮುಂದೆಲ್ಲ, "ನಮ್ಮವಳ ಕೈರುಚಿ ಮುಂದೆ ಯಾವ ಹೋಟೆಲೂ ನಿಲ್ಲಲ್ಲ" ಎನ್ನುತ್ತಾರೆ. ಬಂದವರು ತಲೆಯಾಡಿಸುತ್ತಾರೆ. ಆ ಹೊಗಳಿಕೆ ಕೇಳಿದಾಗೆಲ್ಲ ಅಕ್ಕನಿಗೆ ಮೈ ಉರಿಯುತ್ತಿತ್ತು. ಹೊಗಳಿದವರಲ್ಲಿ ಒಬ್ಬರೂ ಅವಳ ಮನೆಯ ಒಂದು ತಟ್ಟೆ ತೊಳೆದವರಲ್ಲ.

ಒಂದು ದಿನ ನಮ್ಮ ಮನೆಗೆ ಬಂದವಳು ಚೀಲ ಇಳಿಸುವ ಮೊದಲೇ ಶುರು ಮಾಡಿದಳು. "ನನಗೆ ಮಾಡೋಕೆ ಬರದೇ ಇರೋದನ್ನ ತಿನ್ನಬೇಕು ಕಣೇ. ಬಾಯಿಗಿಟ್ಟ ತಕ್ಷಣ ಉಪ್ಪು ಯಾವಾಗ ಹಾಕಿದ್ರು, ಎಷ್ಟು ಹುರಿದ್ರು ಅಂತ ಗೊತ್ತಾಗಬಾರದು." ಅಂಗಡಿಯಲ್ಲಿ ಗಿರಾಕಿಗಳಿಗೆಂದು ಇಟ್ಟಿದ್ದ ಪತ್ರಿಕೆಯಲ್ಲಿ ಇಟಲಿಯ ಅಡುಗೆಯ ಚಿತ್ರ ನೋಡಿದ್ದಳಂತೆ. ಅದೇ ಬೇಕು, ಅಪ್ಪಟವಾದದ್ದೇ ಬೇಕು ಎಂದಳು.

ನಾವಿಬ್ಬರೂ ಹುಡುಕಿಕೊಂಡು ಹೊರಟೆವು. ಮೊದಲನೆಯ ಜಾಗದಲ್ಲಿ ಮೇಣದ ಬತ್ತಿ, ಮೆತ್ತನೆ ಕುರ್ಚಿ ಎಲ್ಲ ಇತ್ತು. ಅಕ್ಕ ಒಂದು ತುತ್ತು ತಿಂದು ಫೋರ್ಕ್ ಕೆಳಗಿಟ್ಟಳು. "ಬಾಟಲಿ ಸಾಸು. ಈರುಳ್ಳಿ ಸೀದುಹೋಗಿದೆ. ಸಕ್ಕರೆ ಸುರಿದು ಮುಚ್ಚಿದ್ದಾರೆ." ಎರಡನೆಯ ಕಡೆ ಪಾಸ್ತಾ ಅಂಟಿನ ಮುದ್ದೆಯಾಗಿತ್ತು. ಅಲ್ಲಿ ಅವಳು ಮ್ಯಾನೇಜರನ್ನೇ ಕರೆಸಿದಳು.

"ಅಪ್ಪಟ ಇಟಲಿ ಅಂತ ಬೋರ್ಡು ಹಾಕಿದ್ದೀರಲ್ಲ, ಯಾರಿಗೆ ಟೋಪಿ ಹಾಕ್ತಿದ್ದೀರಿ?"

"ಇಲ್ಲಿನವರಿಗೆ ಇದೇ ಇಷ್ಟ ಮೇಡಂ."

"ನಾನೂ ಇಲ್ಲಿನವಳೇ. ನನ್ನ ಕೇಳಿದ್ರಾ?"

ದುಡ್ಡು ಇಟ್ಟು ಎದ್ದು ಬಂದೆವು. ದಾರಿಯುದ್ದಕ್ಕೂ ಅಕ್ಕ ಗೊಣಗುತ್ತಲೇ ಇದ್ದಳು.

ಕೊನೆಗೆ ಸುಳಿವು ಸಿಕ್ಕಿದ್ದು ಅವಳ ಅಂಗಡಿಯಲ್ಲೇ. ಹೆಂಗಸೊಬ್ಬಳು ಗೀರು ಬಿದ್ದ ಕನ್ನಡಕ ತಂದುಕೊಟ್ಟಳು. ಅದರ ಕೀಲಿನಲ್ಲಿ ಹಿಟ್ಟು ಮೆತ್ತಿತ್ತು. ಇದೇನೆಂದು ಅಕ್ಕ ಕೇಳಿದಳು. ಆಕೆ ಇಟಲಿಯಲ್ಲಿ ಹುಟ್ಟಿದವಳು, ಇಲ್ಲಿಯವನನ್ನು ಮದುವೆಯಾಗಿ ಬಂದು ಟೈರ್ ಅಂಗಡಿಯ ಹಿಂದೆ ಆರು ಮೇಜಿನ ಹೋಟೆಲ್ ನಡೆಸುತ್ತಿದ್ದಾಳೆ, ದಿನಾ ತಾನೇ ಹಿಟ್ಟು ನಾದಿ ಪಾಸ್ತಾ ಮಾಡುತ್ತಾಳೆ ಎಂದು ಗೊತ್ತಾಯಿತು.

ಅಲ್ಲಿಗೆ ಹೊರಟ ದಿನ ಭಾವನೂ ಶರ್ಟು ಹಾಕಿಕೊಂಡು ನಿಂತಿದ್ದರು. "ರಜಾ ದಿನ ಒಬ್ಬನೇ ಮನೇಲಿ ಏನು ತಿನ್ನಲಿ?"

ತಟ್ಟೆ ಬರುತ್ತಿದ್ದ ಹಾಗೇ ಭಾವ ಖಾರದ ಪುಡಿ ಕೇಳಿದರು. ಆ ಹೆಂಗಸು ಇಲ್ಲ ಎಂದಳು. ಸಾಸ್ ಕೇಳಿದರು. ಅದೂ ಇಲ್ಲ.

"ಹಾಗಾದ್ರೆ ಇದನ್ನ ಹೇಗೆ ತಿನ್ನೋದು?"

"ಹೀಗೇ ತಿನ್ನಿ. ಆಗದಿದ್ರೆ ಬಿಡಿ" ಎಂದು ಒಳಗೆ ಹೋದಳು.

ಅಡುಗೆ ಮಾಡಿದವಳು ಉಣ್ಣುವವನ ಮುಖದ ಮೇಲೇ ಇಲ್ಲ ಅಂದದ್ದನ್ನು ಅಕ್ಕ ಎಂದೂ ಕಂಡಿರಲಿಲ್ಲ. ಆಕೆ ಹೋದ ಬಾಗಿಲನ್ನೇ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ತಿಂದಳು. ಅಗಲ ಎಳೆಗಳ ಪಾಸ್ತಾ, ಬೆಣ್ಣೆ, ಚೀಸ್, ಕರಿಮೆಣಸು, ಇಷ್ಟೇ. ಅಕ್ಕ ಇನ್ನೊಂದು ತುತ್ತು ತಿಂದಳು, ಮತ್ತೊಂದು ತಿಂದಳು. "ಇದು ಹೇಗೆ ಹೀಗಾಯ್ತೋ ನನಗೆ ಗೊತ್ತಾಗ್ತಿಲ್ಲ" ಎಂದಳು. ಹುಬ್ಬಿನ ಗಂಟು ಸಡಿಲವಾಗಿತ್ತು.

ಅಷ್ಟರಲ್ಲಿ ತಟ್ಟೆ ಬಳಿದು ಮುಗಿಸಿದ್ದ ಭಾವ ಬಾಯಿ ಒರೆಸಿಕೊಂಡರು. "ಇದರಲ್ಲಿ ಏನಿದೆ ಮಹಾ? ಹಿಟ್ಟು, ಬೆಣ್ಣೆ, ಮೆಣಸು. ಸರಿಯಾಗಿ ನೋಡಿಕೋ, ಮನೇಲೇ ಮಾಡಬಹುದು. ನಿನ್ನ ಕೈಲಿ ಇನ್ನೂ ಚೆನ್ನಾಗಿ ಬರುತ್ತೆ."

ಅಕ್ಕನ ಕೈ ನಿಂತಿತು. ಅವಳು ಕೂಗಲಿಲ್ಲ. ಕೂಗಿದ್ದರೆ ವಾಸಿಯಿತ್ತು.

"ನನ್ನ ತಟ್ಟೇಲಿರೋದನ್ನೂ ನನಗೆ ಕೆಲಸ ಮಾಡಿಬಿಟ್ರಲ್ಲ" ಎಂದಳು. ತಟ್ಟೆ ಒಂದು ಕೈಯಲ್ಲಿ, ನೀರಿನ ಲೋಟ ಇನ್ನೊಂದು ಕೈಯಲ್ಲಿ ಹಿಡಿದು ಎದ್ದು ಹೋಗಿ ಕಿಟಕಿ ಪಕ್ಕದ ಖಾಲಿ ಮೇಜಿಗೆ ಕೂತಳು. ಏಳಹೋದ ನನಗೆ ಅಲ್ಲೇ ಇರು ಎಂದು ಕೈ ಮಾಡಿದಳು.

"ಎಲ್ಲರೂ ನೋಡ್ತಿದ್ದಾರೆ, ಬಾ" ಎಂದರು ಭಾವ.

"ನೋಡಲಿ. ನಾನು ಊಟ ಮಾಡ್ತಿದ್ದೀನಿ."

ಭಾವ ನನ್ನ ಕಡೆ ತಿರುಗಿದರು. "ನಾನು ಹೊಗಳಿದ್ದು ತಾನೇ?"

"ಹೊಗಳಿದ್ದಲ್ಲ ಭಾವ, ಕೆಲಸ ಹೇಳಿದ್ದು" ಎಂದೆ.

ಆ ಹೆಂಗಸು ಯಾರನ್ನೂ ಏನೂ ಕೇಳದೆ ಅಕ್ಕನ ಹೊಸ ಮೇಜಿಗೆ ಬ್ರೆಡ್ಡು ತಂದಿಟ್ಟು ಹೋದಳು.

ಮುಂದಿನ ವಾರ ಭಾವ ಒಂದು ಪ್ಯಾಕೆಟ್ ಪಾಸ್ತಾ ತಂದು ಅಡುಗೆಕಟ್ಟೆಯ ಮೇಲಿಟ್ಟರು. ರಾಜಿ ಮಾಡಿಕೊಳ್ಳಲೆಂದೇ ತಂದದ್ದು. ಅಕ್ಕ ಅದನ್ನು ಅವರ ಕೈಗೇ ಕೊಟ್ಟು, "ನೀರು ಕಾಯಿಸೋದು ನಿಮಗೂ ಬರುತ್ತೆ" ಎಂದು ಚಪ್ಪಲಿ ಮೆಟ್ಟಿ ಹೊರಟಳು. ಭಾವ ಬೇಯಿಸಿದ್ದು ಪಾತ್ರೆಯ ಆಕಾರದಲ್ಲೇ ಹೊರಗೆ ಬಂತಂತೆ. ನಿಂತುಕೊಂಡೇ ತಿಂದರಂತೆ.

ಈಗ ವಾರದ ರಜೆಯ ದಿನ ಅಕ್ಕ ಒಲೆಯ ಹತ್ತಿರ ಸುಳಿಯುವುದಿಲ್ಲ, ಆ ಆರು ಮೇಜಿನ ಹೋಟೆಲಿಗೆ ಹೋಗುತ್ತಾಳೆ. "ಈ ವಯಸ್ಸಲ್ಲಿ ಇವಳಿಗೆ ಹೋಟೆಲ್ ಹುಚ್ಚು" ಎಂದು ಭಾವ ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದರು. ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ. ಮೊನ್ನೆ ಅವರೇ, "ನಾನೂ ಬರಲಾ?" ಎಂದು ಕೇಳಿದರು.

"ಬನ್ನಿ. ಊಟದ ವಿಷಯ ಮಾತಾಡೋ ಹಾಗಿಲ್ಲ" ಎಂದಳು ಅಕ್ಕ.

ಭಾವ ಬಂದರು, ತಲೆ ತಗ್ಗಿಸಿ ತಿಂದರು. ಎರಡು ಸಲ ಏನೋ ಹೇಳಲು ಬಾಯಿ ತೆರೆದು, ಅಕ್ಕನ ಮುಖ ನೋಡಿ ನೀರು ಕುಡಿದರು.