ಇಟ್ಕೊಂಡಿರಿ, ಬರ್ತೀನಿ

ನಮ್ಮ ಮಾವ ಬೀಗ ರಿಪೇರಿ ಮಾಡುತ್ತಿದ್ದವರು. ಊರಿಗೆಲ್ಲ ಬೀಗದ ಮಾವ, ನನಗೆ ಮಾತ್ರ ಅಮ್ಮನ ಸ್ವಂತ ಅಣ್ಣ. ಎಂಥ ಹಠಮಾರಿ ಬೀಗವಾದರೂ ಅವರ ಕೈಗೆ ಬಂದರೆ ಬಾಯಿ ಬಿಡುತ್ತಿತ್ತು. ತಮ್ಮ ಬಾಯಿಗೆ ಒಂದು ಬೀಗ ಮಾಡಿಕೊಳ್ಳುವುದು ಮಾತ್ರ ಅವರಿಂದ ಆಗಲಿಲ್ಲ. ಕಣ್ಣು ಮಂಜಾಗಿ ಅಂಗಡಿ ಮುಚ್ಚಿದ ಮೇಲೆ, ಹಳೆಯ ಅಂಚೆ ಕಚೇರಿಯ ಮಹಡಿಯಲ್ಲಿ ಊರಿನವರೇ ಸೇರಿ ಮಾಡಿದ ಸಂಗ್ರಹಾಲಯವನ್ನು ನೋಡಿಕೊಳ್ಳುವ ಕೆಲಸ ಸಿಕ್ಕಿತು. ಬಾಗಿಲು ತೆಗೆಯುವವರು, ಕಸ ಗುಡಿಸುವವರು, ಬಂದವರಿಗೆ ಕಥೆ ಹೇಳುವವರು, ಎಲ್ಲ ಅವರೇ.

ಅಲ್ಲಿ ರಾಜರ ಕತ್ತಿ ಕಿರೀಟ ಏನೂ ಇಲ್ಲ. ನಿಂತುಹೋದ ಗೋಡೆ ಗಡಿಯಾರ, ತಿರುಗದ ಗ್ರಾಮಫೋನು, ರೈಲ್ವೆಯವರ ಒಂದು ಲಾಟೀನು, ಸೀಟು ಹರಿದ ಕ್ಷೌರದ ಕುರ್ಚಿ. ಎಲ್ಲ ಊರಿನವರು ಮನೆಯಿಂದ ತಂದುಕೊಟ್ಟದ್ದು. ಕೊಡುವವರು ಎರಡು ಮಾತು ಹೇಳಿದರೆ ಮಾವ ಅದಕ್ಕೆ ರೆಕ್ಕೆಪುಕ್ಕ ಕಟ್ಟಿ ಹಾರಿಸುತ್ತಿದ್ದರು. ಅವರ ಪ್ರಕಾರ ಆ ಕುರ್ಚಿಯಿಂದ ಒಬ್ಬ ಮದುಮಗ ಅರ್ಧ ಮೀಸೆ ಬೋಳಿಸಿಕೊಂಡು ಎದ್ದು ಓಡಿದ್ದ. ನಿಜವಾ ಮಾವ ಎಂದು ಕೇಳಿದರೆ, ಕುರ್ಚಿ ಇಲ್ಲೇ ಇದೆಯಲ್ಲ ಎನ್ನುತ್ತಿದ್ದರು. ಇನ್ನೇನು ಕೇಳುವುದು?

ಅವರ ಕಣ್ಣಿನ ಗೊಂಬೆ ಎಂದರೆ ಕಿಟಕಿಯ ಪಕ್ಕದ ಮೇಜಿನ ಮೇಲಿದ್ದ ಕೈ ಹೊಲಿಗೆ ಮಷೀನು. ಪಕ್ಕದ ಬೀದಿಯಲ್ಲಿ ಅಂಗಡಿ ಇಟ್ಟಿದ್ದ ಟೈಲರಮ್ಮನದು. ಅಂಗಡಿ ಇದ್ದ ಕಟ್ಟಡ ಕೆಡವುವಾಗ ಆಕೆ ಅದನ್ನು ತಂದು ಮಾವನ ಮುಂದಿಟ್ಟು, ಮಗಳ ಬಾಣಂತನಕ್ಕೆಂದು ದೂರದ ಊರಿಗೆ ಹೊರಟಿದ್ದರು. ಆಮೇಲೆ ವರ್ಷಗಟ್ಟಲೆ ಸುದ್ದಿಯಿಲ್ಲ. ಮಾವನ ಕಥೆಯಲ್ಲಿ ಟೈಲರಮ್ಮನಿಗೆ ಮೊದಮೊದಲು ಸಣ್ಣಗೆ ಕೆಮ್ಮು ಬಂತು. ಮುಂದಿನ ವರ್ಷ ಹಾಸಿಗೆ ಹಿಡಿದರು. ಅದರ ಮುಂದಿನ ವರ್ಷ ತೀರಿಯೇ ಹೋದರು. ಕೇಳಿದವರು ಕಣ್ಣೊರೆಸಿಕೊಳ್ಳುತ್ತಿದ್ದರು, ಮಾವನ ಮುಖ ಊರಗಲ ಆಗುತ್ತಿತ್ತು.

ಇನ್ನೊಂದು ವಿಚಿತ್ರ. ಬೀಗದ ಕಾಲದ ಎಣ್ಣೆ ಡಬ್ಬಿ ಮಾವನ ಜೇಬಿನಲ್ಲೇ ಇರುತ್ತಿತ್ತು. ಗಡಿಯಾರಕ್ಕಾಗಲಿ ಗ್ರಾಮಫೋನಿಗಾಗಲಿ ಅದರಿಂದ ಒಂದು ತೊಟ್ಟೂ ಬಿದ್ದದ್ದಿಲ್ಲ. ಹೊಲಿಗೆ ಮಷೀನಿಗೆ ಮಾತ್ರ ತಪ್ಪದೆ ಬೀಳುತ್ತಿತ್ತು. ಮನೆ ಬಾಗಿಲು ಕಿರ್ರೋ ಎಂದು ಅರಚಿಕೊಳ್ಳುತ್ತಿದ್ದರೂ ಅದಕ್ಕಿಲ್ಲದ ಎಣ್ಣೆ ಆ ಕಬ್ಬಿಣಕ್ಕೆ ಯಾಕೆ ಎಂದು ಅತ್ತೆ ಗೊಣಗುತ್ತಿದ್ದರು.

ಒಂದು ದಿನ ಮಾವನಿಗೆ ಊಟದ ಡಬ್ಬಿ ಕೊಡಲು ಹೋಗಿದ್ದೆ. ನೋಡಲು ಬಂದ ಏಳೆಂಟು ಜನರ ಮುಂದೆ ಮಾವ ಟೈಲರಮ್ಮನ ಕೊನೆಯ ಉಸಿರಿನ ಹತ್ತಿರ ಬಂದಿದ್ದರು. ಹಿಂದೆ ಕೋಲೂರಿ ನಿಂತಿದ್ದ ಹೆಂಗಸೊಬ್ಬರು ಪೂರ್ತಿ ಕೇಳಿಸಿಕೊಂಡು ಹೇಳಿದರು:

"ಇನ್ನೂ ಉಸಿರಾಡ್ತಾನೇ ಇದೀನಿ. ಇಟ್ಕೊಂಡಿರಿ, ಬರ್ತೀನಿ ಅಂದಿದ್ನಲ್ಲ. ಬಂದಿದೀನಿ."

ಮಾವನ ಮುಖ ಇಂಗು ತಿಂದ ಮಂಗನ ಹಾಗಾಯಿತು. ನನಗೆ ನಗು ತಡೆಯಲಾಗಲಿಲ್ಲ. ಆದರೆ ಟೈಲರಮ್ಮ ಸ್ಟೂಲಿನ ಮೇಲೆ ಕೂತು ವಿಷಯ ಹೇಳಿದಾಗ ನಗು ನಿಂತಿತು. ಮೊಮ್ಮಕ್ಕಳು ದೊಡ್ಡವರಾಗಿದ್ದರು, ಆಕೆ ಊರಿಗೆ ವಾಪಸ್ ಬಂದು ಯಾವುದೋ ಮನೆಯ ಮೆಟ್ಟಿಲ ಕೆಳಗಿನ ಕೋಣೆ ಬಾಡಿಗೆಗೆ ಹಿಡಿದಿದ್ದರು. ಮತ್ತೆ ಹೊಲಿಯಬೇಕು. ಒಂದು ಕಾಲು ಸ್ವಾಧೀನದಲ್ಲಿಲ್ಲ, ತುಳಿಯುವ ಮಷೀನು ಆಗುವುದಿಲ್ಲ. ಕೈಯಲ್ಲಿ ತಿರುಗಿಸುವ ಈ ಮಷೀನು ಸಿಕ್ಕಿದರೆ ದುಡಿದು ತಿನ್ನಬಹುದು, ಇಲ್ಲದಿದ್ದರೆ ಮಗಳ ಮನೆಗೇ ಹಿಂತಿರುಗಿ ಮೂಲೆ ಹಿಡಿಯಬೇಕು.

ಮಾವ ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಮಾತಾಡಿದರು. ಒಳಗೆ ಬಂದ ಸಾಮಾನು ಹೊರಗೆ ಹೋಗುವಂತಿಲ್ಲ, ಸಂಗ್ರಹಾಲಯದ ಸಮಿತಿಯವರು ಸೇರಬೇಕು, ನೋಡೋಣ ಎಂದರು. ಅವತ್ತು ನೀವು ಇಟ್ಕೊಳ್ಳಿ ಎಂದಂತೆ ಕೇಳಿಸಿತ್ತು ಎಂದೂ ಹೇಳಿದರು. ಟೈಲರಮ್ಮ ಕೋಲು ತೆಗೆದುಕೊಂಡು ಎದ್ದರು. ಬಾಗಿಲಲ್ಲಿ ನಿಂತು, ನಾಳೆ ಬರ್ತೀನಿ ಎಂದರು.

ನ್ಯಾಯವಾಗಿ ನೋಡಿದರೆ ತಪ್ಪು ಪೂರ್ತಿ ಮಾವನದಲ್ಲ. ನಮ್ಮ ಮಾತೇ ಹಾಗೆ. ಹೊರಡುವಾಗ ಯಾರೂ ಹೋಗ್ತೀನಿ ಎನ್ನುವುದಿಲ್ಲ. ಜಗಳವಾಡಿ, ಇನ್ನು ಈ ಮನೆ ಮೆಟ್ಟಿಲು ತುಳಿಯಬಾರದು ಎಂದುಕೊಂಡು ಹೊರಟವರೂ ಬರ್ತೀನಿ ಎಂದೇ ಚಪ್ಪಲಿ ಮೆಟ್ಟುತ್ತಾರೆ. ಆದರೆ ಇಟ್ಕೊಳ್ಳಿ ಎಂದರೆ ನಿಮಗೇ ಆಯಿತು, ಇಟ್ಕೊಂಡಿರಿ ಎಂದರೆ ನಾನು ಬರುವ ತನಕ. ಇದು ಗೊತ್ತಾಗದಷ್ಟು ಮಾವನ ಕಿವಿ ಕೆಟ್ಟಿರಲಿಲ್ಲ. ನನಗೆ ಅವರ ಮೇಲೆ ನಿಜವಾಗಿ ಸಿಟ್ಟು ಬಂದಿತ್ತು.

ಸಂಜೆ ಅವರು ಮನೆಯಲ್ಲಿ ತಟ್ಟೆಯ ಮುಂದೆ ಕೂತು ಅನ್ನ ಕೆದಕುತ್ತಿದ್ದರು. ಮಷೀನು ಹೋದರೆ ಆ ಮಹಡಿ ಹತ್ತಿ ಯಾರು ಬರ್ತಾರೆ ಎಂದು ಗೊಣಗಿದರು. ಅತ್ತೆ ನನ್ನ ಬಾಯಿಂದ ಎಲ್ಲ ಕೇಳಿಕೊಂಡಿದ್ದರು.

"ಬದುಕಿರೋರನ್ನ ಸಾಯಿಸಿದ್ದು ಸಾಲ್ದಾ?" ಎಂದರು. "ಅವರ ಅನ್ನಾನೂ ಕಿತ್ಕೋಬೇಕಾ?"

ಮಾವ ಕೈ ತೊಳೆದು ಎದ್ದುಬಿಟ್ಟರು.

ಮರುದಿನ ಏನಾಗುತ್ತದೋ ನೋಡೋಣ ಎಂದು ನಾನೂ ಹೋದೆ. ಟೈಲರಮ್ಮ ಆಗಲೇ ಬಂದು ಕೆಳಗಿನ ಮೆಟ್ಟಿಲ ಮೇಲೆ ಕೂತಿದ್ದರು. ಮಾವ ಯಾರ ಮುಖವನ್ನೂ ನೋಡದೆ ಬಾಗಿಲು ತೆಗೆದರು, ಮೇಜಿನ ಸುತ್ತ ಕಟ್ಟಿದ್ದ ಹಗ್ಗ ಬಿಚ್ಚಿದರು, ಸ್ಟೂಲು ಎಳೆದು ಹಾಕಿದರು. ಟೈಲರಮ್ಮ ಮೇಲೆ ಬಂದು ಕೂತು, ಚೀಲದಿಂದ ಒಂದು ಬಟ್ಟೆ ತುಂಡು, ಸೂಜಿ, ದಾರ ತೆಗೆದು ಸಜ್ಜು ಮಾಡಿಕೊಂಡು ಹಿಡಿ ತಿರುಗಿಸಿದರು. ಅಷ್ಟು ವರ್ಷ ಕೂತಿದ್ದ ಮಷೀನು ನಿನ್ನೆ ಸಂಜೆಯಷ್ಟೇ ನಿಲ್ಲಿಸಿದ್ದೇನೋ ಎಂಬಂತೆ ಓಡಿತು. ಹೊಲಿಗೆ ನೆಟ್ಟಗೆ ಬಂತು. ಆಕೆ ಬೆರಳಿಗೆ ಅಂಟಿದ ಎಣ್ಣೆ ನೋಡಿಕೊಂಡರು. ಆಮೇಲೆ ನಿಂತ ಗಡಿಯಾರ ನೋಡಿದರು, ತುಕ್ಕು ಹಿಡಿದ ಗ್ರಾಮಫೋನು ನೋಡಿದರು.

"ಸತ್ತೋರ ಮಷೀನಿಗೆ ಎಣ್ಣೆ ಯಾಕೆ ಬಿಡ್ತಿದ್ರಿ?"

ಮಾವ ಜೇಬಿನ ಎಣ್ಣೆ ಡಬ್ಬಿ ಮುಟ್ಟಿ ನೋಡಿಕೊಂಡರು. ಮಾತಿಗೆ ಅವರು ತಡಕಾಡಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

"ನೀವು ಬರ್ತೀನಿ ಅಂದಿದ್ರಲ್ಲ," ಎಂದರು.

ಗೊತ್ತಿದ್ದೂ ಇಷ್ಟು ದಿನ ಆಕೆಯನ್ನು ಕಥೆಯಲ್ಲಿ ಸಾಯಿಸುತ್ತಿದ್ದರಲ್ಲ ಎಂದು ಬಯ್ಯಬೇಕಿತ್ತು. ನನ್ನಿಂದ ಬಯ್ಯಲಾಗಲಿಲ್ಲ. ಮಷೀನನ್ನು ಮಾವನೇ ಹೊತ್ತು ಆ ಮೆಟ್ಟಿಲ ಕೆಳಗಿನ ಕೋಣೆಗೆ ಮುಟ್ಟಿಸಿದರು. ಸಮಿತಿಯವರು ಕೇಳಿದಾಗ, ಅದು ನಮ್ಮದಲ್ಲ, ಇಟ್ಕೊಂಡಿದ್ವಿ ಅಷ್ಟೇ ಎಂದರು.

ಈಗ ಕಿಟಕಿ ಪಕ್ಕದ ಮೇಜು ಖಾಲಿ. ಮಾವ ಅದರ ಕಥೆಯನ್ನೂ ಹೇಳುತ್ತಾರೆ, ಇದ್ದದ್ದು ಇದ್ದ ಹಾಗೆ. ಜನ ಮೊದಲಿನಷ್ಟು ಅಳುವುದಿಲ್ಲ ಎಂಬ ಬೇಜಾರು ಅವರಿಗೆ ಇದ್ದೇ ಇದೆ. ಆದರೆ ಯಾರೇ ಸಾಮಾನು ತಂದುಕೊಟ್ಟರೂ ಮಾವ ಒಂದು ಮಾತು ಕೇಳದೆ ಬಿಡುವುದಿಲ್ಲ: ಇಟ್ಕೊಳ್ಳೋದಾ, ಇಟ್ಕೊಂಡಿರೋದಾ? ಕೆಲವರು ನಗುತ್ತಾರೆ. ಮೊನ್ನೆ ಒಬ್ಬ ಮೇಷ್ಟ್ರು ತೀರಿಹೋದ ಹೆಂಡತಿಯ ಛತ್ರಿ ತಂದಿದ್ದರು. ಅವರು ನಗಲಿಲ್ಲ. ಖಾಲಿ ಮೇಜಿನ ಮುಂದೆ ಕೂತರು, ಇದು ಇನ್ನೂ ಸ್ವಲ್ಪ ದಿನ ನನ್ನ ಹತ್ರಾನೇ ಇರ್ಲಿ ಎಂದು ಛತ್ರಿಯನ್ನು ಮತ್ತೆ ಕಂಕುಳಲ್ಲಿ ಇರುಕಿಕೊಂಡು ಎದ್ದರು. ಬರ್ತೀನಿ ಎಂದು ಮೆಟ್ಟಿಲಿಳಿದರು.