ಏತ ತುಳಿದ ಕಾಲು

ನನ್ನ ಮಂಡಿನೋವಿಗೆಂದು ಸೊಸೆ ಹರಳೆಣ್ಣೆ ಬಿಸಿ ಮಾಡುತ್ತಿದ್ದಳು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಹೊಳೆನರಸೀಪುರದ ನಮ್ಮ ಪಕ್ಕದ ಮನೆಯ ಅಣ್ಣ ನೆನಪಾದ. ಸಂಜೆ ಜಗಲಿಯ ಮೇಲೆ ಕೂತು ಮೀನಖಂಡಕ್ಕೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದ...

ಹೈಸ್ಕೂಲಿಗೆ ಬರುವ ಮೊದಲು ದಿನಾ ಬೆಳಿಗ್ಗೆ ತೋಟದಲ್ಲಿ ಏತ ತುಳಿಯುವುದು ಅವನ ಪಾಲಿನ ಕೆಲಸ. ಬಾವಿಯ ಮೇಲಿನ ಆ ಉದ್ದನೆಯ ಮರದ ಮೇಲೆ ಹಿಂದಕ್ಕೂ ಮುಂದಕ್ಕೂ ನಡೆಯಬೇಕು. ಅವನ ಭಾರಕ್ಕೆ ಮರ ಬಾಗಿದಾಗ ನೀರು ಮೇಲೆ ಬರುತ್ತಿತ್ತು. ಕಾಲ್ಬೆರಳ ಮೇಲಿನ ನಡಿಗೆ ಅದು. ಅವನ ಕಾಲು ನೋಡಿದರೆ ಕಡ್ಡಿ, ಮುಟ್ಟಿದರೆ ಹುಣಿಸೆ ಕೊರಡು.

ನಮ್ಮ ಡ್ರಿಲ್ ಮೇಷ್ಟ್ರು ಗರಡಿಯಲ್ಲಿ ಪಳಗಿದವರು. ಪೈಲ್ವಾನರನ್ನು ಆರಿಸುವ ಹಾಗೆಯೇ ಓಟಗಾರರನ್ನೂ ಆರಿಸುತ್ತಿದ್ದರು. ಮೀನಖಂಡಕ್ಕೆ ದಾರ ಸುತ್ತುವುದು, ದಪ್ಪ ಇದ್ದವನಿಗೆ ಹಾಸನದ ಪಂದ್ಯ. ಅಣ್ಣನಿಗೋ ಹಾಸನದಲ್ಲಿ ಓಡಬೇಕೆಂಬುದೊಂದೇ ಹುಚ್ಚು.

ದಾರ ಸುತ್ತಿದ ಮೇಷ್ಟ್ರು ನಕ್ಕರು. "ಕೊಕ್ಕರೆ ಕಾಲಪ್ಪ ನಿಂದು! ಹೋಗು, ಹೊಳೇಲಿ ಮೀನು ಹಿಡಿ."

"ಓಡಿಸಿ ನೋಡಿ ಸಾ."

"ನೋಡೋದೇನ್ಲಾ? ದಾರಾನೇ ಹೇಳ್ತಲ್ಲ."

ಆರಿಸಿದವರನ್ನು ಅಂದೇ ಸಂಜೆ ಮೈದಾನದಲ್ಲಿ ಓಡಿಸಿದರು. ಸೀಟಿ ಊದಿದ್ದೇ ತಡ, ಅಣ್ಣ ಪಂಚೆ ಎತ್ತಿಕಟ್ಟಿ ಸುಣ್ಣದ ಗೆರೆಯ ಆಚೆ, ಕಲ್ಲುಮುಳ್ಳಿನ ಮೇಲೆ ಅವರ ಜೊತೆಗೇ ಓಡಿದ. ಬೇಲಿಯ ಪಕ್ಕ ನಿಂತಿದ್ದ ನಾವು ಮೊದಮೊದಲು ನಕ್ಕೆವು. ಕೊನೆಯ ಸುತ್ತಿನಲ್ಲಿ ನಗು ನಿಂತಿತು. ದಪ್ಪ ಕಾಲಿನವರು ಏದುಸಿರು ಬಿಡುತ್ತಾ ಬರುವಷ್ಟರಲ್ಲಿ ಅವನು ಮೇಷ್ಟ್ರ ಮುಂದೆ ಸೊಂಟಕ್ಕೆ ಕೈಕೊಟ್ಟು ನಿಂತಾಗಿತ್ತು.

"ಗೆರೆ ಆಚೆ ಓಡಿದ್ದು ಲೆಕ್ಕಕ್ಕಿಲ್ಲ," ಅಂದರು ಮೇಷ್ಟ್ರು.

"ಗೆರೆ ನಿಮ್ದು ಸಾ, ಕಾಲು ನಮ್ದು. ಆಸ್ನಕ್ಕೆ ಯಾರನ್ನಾದ್ರೂ ಕರ್ಕೊಂಡೋಗಿ. ಯಾರು ಮೊದ್ಲು ಬಂದ್ರು ಅಂತ ಮಾತ್ರ ಬಾಯ್ಬುಟ್ಟು ಯೋಳ್ಬುಡಿ."

ಮೇಷ್ಟ್ರು ದಾರವನ್ನು ಬೆರಳಿಗೆ ಸುತ್ತುತ್ತಾ ನಿಂತರು. ಹೇಳಲಿಲ್ಲ. ದಪ್ಪ ಕಾಲಿನವನೇ ಹಾಸನಕ್ಕೆ ಹೋದ. ಅಣ್ಣ ಮಾರನೆಯ ದಿನವೂ ಮೈದಾನಕ್ಕೆ ಬಂದ, ಅದರ ಮಾರನೆಯ ದಿನವೂ... ಹೈಸ್ಕೂಲು ಮುಗಿಸುವ ತನಕ ಗೆರೆಯ ಆಚೆಯೇ ಓಡಿದ.

ಹೋದ ತಿಂಗಳು ಅಣ್ಣ ತೀರಿಕೊಂಡ. ಮೇಷ್ಟ್ರು ಎಂದೋ ಹೋದರು. ಆ ಸಂಜೆ ಕಂಡ ಕಣ್ಣುಗಳಲ್ಲಿ ನನ್ನವೆರಡೇ ಉಳಿದಿವೆಯೇನೋ. ಹೇಳಬೇಕಾದವರು ಹೇಳದೆ ಹೋದದ್ದನ್ನು ನಾನು ಹೇಳುತ್ತೇನೆ, ಯಾರ ಅಪ್ಪಣೆಯೂ ಬೇಕಿಲ್ಲ. ಅಣ್ಣನೇ ಮೊದಲು ಬಂದ.