ಲಕ್ಸ್ ಮೀಟರಿಗೆ ಕಾಣದ ಬೆಳಕು

ಗುಜರಾತಿನ ಮಕರಪುರದ ಕಾರ್ಖಾನೆಯೊಂದರಲ್ಲಿ ಗುಣಮಟ್ಟ ನೋಡಿಕೊಳ್ಳುವುದು ನನ್ನ ಕೆಲಸವಾಗಿತ್ತು. ಅಲ್ಲಿ ವಿದ್ಯುತ್ ಸಲಕರಣೆಗಳ ಬಿಡಿಭಾಗಗಳಿಗೆ ಅಂಟು ಹಚ್ಚಿ ಅತಿನೇರಳೆ ದೀಪದ ಕೆಳಗೆ ಹಿಡಿಯುತ್ತಿದ್ದರು; ಅಂಟು ಕ್ಷಣದಲ್ಲಿ ಗಟ್ಟಿಯಾಗುತ್ತಿತ್ತು. ಕೆಲಸ ಬೇಗ ಸಾಗಲೆಂದು ಮ್ಯಾನೇಜರು ದೀಪದ ಮುಂದಿನ ತಡೆಗಾಜನ್ನೇ ತೆಗೆಸಿಬಿಟ್ಟರು. ಅವರು ನಮ್ಮ ಧಾರವಾಡದ ಕಡೆಯವರು. ಗಾಜಿಲ್ಲದೆ ಹೇಗೆ ಎಂದು ಕೇಳಿದೆ.

"ಟ್ಯೂಬ್‌ಲೈಟಿನಷ್ಟೂ ಬೆಳಕಿಲ್ಲ ಅದಕ್ಕ. ಏನ್ ಆಗ್ತೈತ್ರಿ?" ಎಂದರು.

ನಾನಾದರೂ ಬುದ್ಧಿ ಉಪಯೋಗಿಸಿದೆನೇ? ಲಕ್ಸ್ ಮೀಟರ್ ತಂದು ಅಳೆದೆ. ಅಂಕಿ ತೀರಾ ಕಡಿಮೆ ಬಂತು. 'ಸುರಕ್ಷಿತ' ಎಂದು ಬರೆದು ಸಹಿ ಹಾಕಿದೆ. ನೆನೆದರೆ ಈಗಲೂ ಮೈ ಉರಿಯುತ್ತದೆ. ಆ ಮೀಟರು ಅಳೆಯುವುದು ಕಣ್ಣಿಗೆ ಕಾಣುವ ಬೆಳಕನ್ನು ಮಾತ್ರ. ಬೆಳಕಿನ ಒಂದೊಂದು ಫೋಟಾನಿನ ಶಕ್ತಿ ಅದರ ಆವರ್ತನಕ್ಕೆ ತಕ್ಕಷ್ಟು. ಆವರ್ತನ ಇಮ್ಮಡಿಯಾದರೆ ಶಕ್ತಿಯೂ ಇಮ್ಮಡಿ. ಕಣ್ಣಿಗೆ ಕಾಣದ ಅತಿನೇರಳೆಯ ಆವರ್ತನ ಕಾಣುವ ಬೆಳಕಿನದಕ್ಕಿಂತ ಹೆಚ್ಚು. ಕೆಂಪು ದೀಪವನ್ನು ಎಷ್ಟು ಪ್ರಖರ ಮಾಡಿದರೂ ಫೋಟಾನುಗಳ ಸಂಖ್ಯೆ ಹೆಚ್ಚೀತು, ಒಂದೊಂದರ ಕಸುವು ಹೆಚ್ಚದು. ಆ ಅಂಟನ್ನು ಗಟ್ಟಿ ಮಾಡುವಷ್ಟು ಕಸುವುಳ್ಳ ಬೆಳಕು ಕಣ್ಣನ್ನು ಬಿಟ್ಟೀತೇ? ಇಷ್ಟು ಯೋಚಿಸಲು ನನಗೆ ಪುರುಸೊತ್ತಿರಲಿಲ್ಲ.

ದೀಪದ ಮುಂದೆ ದಿನವಿಡೀ ಕೂರುತ್ತಿದ್ದವರು ನನ್ನ ತಾಯಿಯ ವಯಸ್ಸಿನ ಗುಜರಾತಿ ಹೆಂಗಸು. ನಾವೆಲ್ಲ ಅವರನ್ನು ಬೆನ್, ಅಂದರೆ ಅಕ್ಕ, ಎನ್ನುತ್ತಿದ್ದೆವು. ಗಾಜು ತೆಗೆದ ಮರುದಿನ ಅವರ ಗಂಡ ಅವರನ್ನು ಕೈ ಹಿಡಿದು ನಡೆಸಿಕೊಂಡು ಬಂದರು. ಕಣ್ಣು ಕೆಂಪಗೆ ಊದಿ, ರೆಪ್ಪೆ ತೆರೆಯಲಾಗುತ್ತಿರಲಿಲ್ಲ. ಕಣ್ಣೊಳಗೆ ಮರಳು ಸುರಿದ ಹಾಗಿದೆ ಎಂದು ಅಳುತ್ತಿದ್ದರು.

ಮ್ಯಾನೇಜರು ನನ್ನನ್ನು ಒಳಗೆ ಕರೆದರು. ಬೆನ್ ಅಂಟಿನ ಕೈಯಲ್ಲಿ ಕಣ್ಣುಜ್ಜಿಕೊಂಡರು ಎಂದು ವರದಿ ಬರೆಯಬೇಕಂತೆ. ಬೇಜವಾಬ್ದಾರಿಯ ಹೆಸರಿನಲ್ಲಿ ಅವರನ್ನು ಕೆಲಸದಿಂದ ತೆಗೆಯಬಹುದಂತೆ. ಸಾಕ್ಷಿಗೆ ನನ್ನದೇ ಸಹಿಯ ಹಾಳೆ ಮೇಜಿನ ಮೇಲಿತ್ತು! ಎಂಥ ನಾಚಿಕೆಗೇಡು. ಆ ಹಾಳೆಯ ಮೇಲೆಯೇ ಅಡ್ಡಗೆರೆ ಎಳೆದು, ತಪ್ಪು ಮೀಟರಿನಲ್ಲಿ ಅಳೆದದ್ದು ನಾನು, ಗಾಜು ತೆಗೆಸಿದ್ದು ಮ್ಯಾನೇಜರು ಎಂದು ಬರೆದು ಮತ್ತೊಮ್ಮೆ ಸಹಿ ಹಾಕಿದೆ. ನಮ್ಮೂರಿನವನಾಗಿ ಹೀಗೆ ಮಾಡಬಹುದೇ ಎಂದು ಅವರು ಹರಿಹಾಯ್ದರು. ಊರಿಗೂ ಆ ಕಣ್ಣಿಗೂ ಏನು ಸಂಬಂಧ ಎಂದು ನಾನೂ ದನಿ ಏರಿಸಿದೆ. ಅದೇ ಹಾಳೆಯ ಪ್ರತಿಯನ್ನು ಮುಖ್ಯ ಕಚೇರಿಗೂ ಕಳಿಸಿದೆ.

ಗಾಜು ಮರಳಿ ಬಂತು. ಬೆನ್ ಅವರ ಕೆಲಸವೂ ಉಳಿಯಿತು. ವಾರದ ನಂತರ ಕಣ್ಣು ವಾಸಿಯಾಗಿ ಬಂದ ಅವರಿಗೆ, ಮಂದ ಕಂಡರೂ ಆ ಬೆಳಕು ಯಾಕೆ ಸುಡುತ್ತದೆ ಎಂದು ನನ್ನ ಹರಕು ಹಿಂದಿಯಲ್ಲಿ ವಿವರಿಸಿದೆ. ಬಲು ಉತ್ಸಾಹದಿಂದಲೇ ವಿವರಿಸಿದೆ. ಅವರು ಪೂರ್ತಿ ಕೇಳಿಸಿಕೊಂಡರು.

"ಇದೆಲ್ಲ ನಿಮಗೆ ಈಗ ಗೊತ್ತಾಯಿತೇ, ಸಾಹೇಬ್, ಮೊದಲೇ ಗೊತ್ತಿತ್ತೇ?" ಎಂದರು.

ಮೊದಲೇ ಗೊತ್ತಿತ್ತು ಎಂದೆ.